ಒಲೆ ಹಚ್ಚದೆ ಚಾಕೊಲೇಟು ಉಂಡೆ

ಬೀದರ, ಭಾಲ್ಕಿ, ಔರಾದಗಳ ಗೃಹಿಣಿಯರಿಗೆ ಶೇಂಗಾ ಉಂಡೆ ಕಟ್ಟುವುದನ್ನು ಯಾರೂ ಕಲಿಸಬೇಕಾದುದಿಲ್ಲ. ಪೇಟೆಯಲ್ಲಿ ಟ್ರಫಲ್ ಎನಿಸಿಕೊಂಡ ಚಾಕೊಲೇಟು ತಿಂಡಿಯೂ ಉಂಡೆಯೇ ಸರಿ. ಅದರಲ್ಲಿ ಹಾಲಿನ ಕೆನೆ ಸೇರುವುದು. ಹಾಲು ತುಪ್ಪಗಳನ್ನು ಬಿಟ್ಟವರಿಗೆ ಆ ಮೆದುತನವನ್ನು ಖರ್ಜೂರವು ಒದಗಿಸಬಲ್ಲುದು.

ಬೀಜ ತೆಗೆದ ಮೆತ್ತನೆಯ ಖರ್ಜೂರ 200 ಗ್ರಾಂ, ಹುರಿದು ಸಿಪ್ಪೆ ಬಿಡಿಸಿದ ಶೇಂಗಾ 100 ಗ್ರಾಂ, ಕೋಕೋ ಪುಡಿ 3 ಚಮಚ, ಚಿಟಿಕೆ ಉಪ್ಪು. ಶೇಂಗಾವನ್ನು ಮೊದಲು ತರಿಯಾಗಿ ಕುಟ್ಟಿಕೊಂಡು, ಉಳಿದುದೆಲ್ಲವನ್ನೂ ಸೇರಿಸಿ, ಮುದ್ದೆಯಾಗುವವರೆಗೆ ಅರೆಯತಕ್ಕದ್ದು. ಒಣಗಿದಂತೆ ಕಂಡರೆ ಒಂದು ಚಮಚ ಬಿಸಿನೀರು ಸಾಕು. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಬೇಕು. ಕುಡಿಯುವ ಚಾಕೊಲೇಟಿನ ಪುಡಿ ಬೇಡ. ಅದರಲ್ಲಿ ಸಕ್ಕರೆಯೂ ಕೆಲವೊಮ್ಮೆ ಹಾಲೂ ಬೆರೆತಿರುವುದು. ಶುದ್ಧ ಕೋಕೋಗೆ ಪರದೇಶವನ್ನೇ ನೋಡಬೇಕಾಗಿಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ ಅದು ಬೆಳೆಯುವುದು, ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯು 1986ರಷ್ಟು ಹಿಂದಿನದು.

ಇದಕ್ಕೆ 'ಸಕ್ಕರೆಯಿಲ್ಲದ ಉಂಡೆ' ಎಂದು ಹೆಸರಿಟ್ಟು ಮಧುಮೇಹವುಳ್ಳ ಹಿರಿಯರ ತಟ್ಟೆಗೆ ಧಾರಾಳವಾಗಿ ಬಡಿಸುವುದನ್ನು ನಾನು ಒಪ್ಪಲಾರೆ. ಒಣಖರ್ಜೂರದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ನಾರು ಉಂಟು, ಶೇಂಗಾದ ಸತ್ತ್ವವೂ ಉಂಟು, ನಿಜ. ಆದರೂ ಅಂಥವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದವರಿಗೆ ದಿನಕ್ಕೊಂದು ಸಾಕು. ನಮ್ಮ ಕಡೆಯ ಬೇಸಗೆಯಲ್ಲಿ ಶೀತಪೆಟ್ಟಿಗೆಯಲ್ಲಿಟ್ಟು ವಾರದೊಳಗೆ ಮುಗಿಸತಕ್ಕದ್ದು.