ಬೀಜಗಣಿತವೂ ನಮ್ಮ ದ್ರಾಕ್ಷಿಯೂ

“ಗುರುಗಳೇ, ತಾವು ಕಲಿಸಿದ ಬೀಜಗಣಿತ ಬದುಕಿನಲ್ಲಿ ಒಮ್ಮೆಯೂ ಉಪಯೋಗಕ್ಕೆ ಬರಲಿಲ್ಲ” ಎಂದು ಹಳೆಯ ವಿದ್ಯಾರ್ಥಿಗಳು ನಗುತ್ತಾ ಹೇಳುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೀಗೆನ್ನುವವರಲ್ಲಿ ಕೆಲವರು ಅಥಣಿ ರಸ್ತೆಯ ಆಚೀಚೆ, ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿ ಬೆಳೆಯುವವರೆಂಬುದೇ ಸೋಜಿಗ!

ಹಣ್ಣನ್ನು ಹಸಿಯಾಗಿಯೇ ಮಾರಬೇಕೋ, ಶೆಡ್ಡಿನ ಬಲೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡಬೇಕೋ ಎಂಬ ಪ್ರಶ್ನೆ ಅವರ ಮುಂದೆ ಪ್ರತಿವರ್ಷವೂ ನಿಲ್ಲುತ್ತದೆ. ನಾಲ್ಕು ಕಿಲೋ ಹಸಿಗೆ ಒಂದು ಕಿಲೋ ಒಣ ಎಂಬುದು ಬಾಯಿಲೆಕ್ಕ. ಅದು ತಪ್ಪಲ್ಲ, ಆದರೆ ಸಾಲದು. ಒಣಗುವಾಗ ಹೋಗುವುದು ಬಹುಮಟ್ಟಿಗೆ ನೀರು. ಸಕ್ಕರೆ ಮೊದಲಾದ ಘನಾಂಶ ಉಳಿಯುತ್ತದೆ. ಹಸಿ ಹಣ್ಣಿನಲ್ಲಿ ಘನಾಂಶ ನೂರಕ್ಕೆ 20, ಒಣದ್ರಾಕ್ಷಿಯಲ್ಲಿ 85 ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಒಣದ್ರಾಕ್ಷಿಗೆ ಬೇಕಾದ ಹಸಿ ಹಣ್ಣು ‘ಎಕ್ಸ್’ ಕಿಲೋ ಆದರೆ, 20 ಎಕ್ಸ್ = 85; ಎಕ್ಸ್ = 4.25. ಹಸಿ ಹಣ್ಣಿಗೆ ಕಿಲೋಗೆ 30 ರೂಪಾಯಿ ಸಿಗುವುದಾಗಿ, ಒಣಗಿಸುವ ಖರ್ಚು ಒಣದ್ರಾಕ್ಷಿಯ ಕಿಲೋಗೆ 20 ರೂಪಾಯಿ ಬರುವುದಾದರೆ, ಒಣದ್ರಾಕ್ಷಿಗೆ 147.50 ರೂಪಾಯಿಗಿಂತ ಹೆಚ್ಚು ದೊರೆತರಷ್ಟೇ ಶೆಡ್ಡಿನ ಶ್ರಮ ಸಾರ್ಥಕ. ದರಗಳನ್ನು ನಾನು ಉದಾಹರಣೆಗೆಂದು ಹಿಡಿದಿದ್ದೇನೆ. ತಮ್ಮ ದರಗಳನ್ನು ಹಾಕಿ ನೋಡಿರಿ.

ಇನ್ನೂ ಮುಖ್ಯವಾದುದು ಕೊಯ್ಲಿನ ಅವಸರ. ಹಣ್ಣು ಇನ್ನಷ್ಟು ಮಾಗಿ ಘನಾಂಶ 25ಕ್ಕೆ ಏರಿದ್ದರೆ ಎಕ್ಸ್ 3.4ಕ್ಕೆ ಇಳಿಯುತ್ತದೆ. ಸಾವಿರ ಕಿಲೋ ಹಣ್ಣಿಗೆ ಮೊದಲು ಸುಮಾರು 235 ಕಿಲೋ ಒಣದ್ರಾಕ್ಷಿ, ಈಗ 294. ತಕ್ಕಡಿಯಲ್ಲಿ ಹಸಿ ಹಣ್ಣಿನ ತೂಕ ಎರಡೂ ಸಲ ಒಂದೇ! ಈ 59 ಕಿಲೋದ ಅಂತರವನ್ನು ಬಾಯಿಲೆಕ್ಕ ತೋರಿಸುವುದಿಲ್ಲ.

ಹಾಗಾದರೆ ಬೀಜಗಣಿತ ನಿರುಪಯುಕ್ತವೆಂಬ ಭಾವನೆ ಏಕೆ ಬಂತು? ದೋಷ ಕಲಿಸುವ ಕ್ರಮದಲ್ಲಿದೆಯೆಂದು ನನ್ನ ಅಭಿಪ್ರಾಯ. ಎಂಟನೆಯ ತರಗತಿಯಲ್ಲಿ ಸಿದ್ಧ ಸಮೀಕರಣವನ್ನು ಬಿಡಿಸುವುದನ್ನು ತಿಂಗಳುಗಟ್ಟಲೆ ಉರುಹೊಡೆಸಿ, ವಾಕ್ಯರೂಪದ ಲೆಕ್ಕಗಳನ್ನು ಪಾಠದ ಕೊನೆಗೆ ಅವಸರದಲ್ಲಿ ಮುಗಿಸುತ್ತೇವೆ. ಬಿಡಿಸುವುದು ಯಂತ್ರಕ್ಕೂ ಬರುತ್ತದೆ. ಯಾವುದು ಗೊತ್ತಿಲ್ಲ, ಯಾವುದು ಯಾವುದಕ್ಕೆ ಸಮ ಎಂದು ಮಾತಿನಿಂದ ಹೆಕ್ಕಿ ತೆಗೆಯುವುದೇ ನಿಜವಾದ ವಿದ್ಯೆ. ತಂದೆಯ ವಯಸ್ಸು ಮಗನ ಮೂರರಷ್ಟು ಎಂಬ ಲೆಕ್ಕದಿಂದ ಅದು ಬಾರದು. ವಯಸ್ಸು ಬೇಕಾದರೆ ತಂದೆಯನ್ನೇ ಕೇಳಬಹುದಲ್ಲ!

ನಮ್ಮ ಹಿರಿಯರು ಹೀಗೆ ಮಾಡಲಿಲ್ಲ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ ‘ವ್ಯವಹಾರಗಣಿತ’. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರೇ ಎಂಬ ಅಭಿಮಾನದ ಮಾತುಂಟು; ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ವಾದ ಅತ್ತ ಇರಲಿ. ಗೊತ್ತಿಲ್ಲದ ರಾಶಿಗೆ ಅವರು ಬಳಸಿದ ಹೆಸರು ‘ಯಾವತ್ ತಾವತ್’, ಅಂದರೆ ಎಷ್ಟಿದೆಯೋ ಅಷ್ಟು, ಚಿಕ್ಕದಾಗಿ ‘ಯಾ’. ಎರಡನೆಯ ಅಜ್ಞಾತಕ್ಕೆ ‘ಕಾಲಕ’, ಮೂರನೆಯದಕ್ಕೆ ‘ನೀಲಕ’ ಎಂದು ಬಣ್ಣಗಳ ಹೆಸರುಗಳು. ‘ಎಕ್ಸ್ ಆಗಿರಲಿ’ ಎಂದಾಗ ಕಂಗಾಲಾಗುವ ಮಗುವಿಗೆ ‘ಎಷ್ಟಿದೆಯೋ ಅಷ್ಟು’ ಎಂದು ಹೇಳಿ ನೋಡಿರಿ, ಮುಖ ಅರಳುತ್ತದೆ.

ಈಗ ಮನೆಗೆಲಸ. 25 ಘನಾಂಶದ ಹಣ್ಣನ್ನೂ 20 ಘನಾಂಶದ ಹಣ್ಣನ್ನೂ ಕೂಡಿಸಿ ಸಾವಿರ ಕಿಲೋ ಒಣಗಿಸಿದಾಗ, 85 ಘನಾಂಶದ ಒಣದ್ರಾಕ್ಷಿ 260 ಕಿಲೋ ಬಂತು. ಯಾವ ಹಣ್ಣು ಎಷ್ಟಿತ್ತು? ಬರಿಯ ಉತ್ತರ ಬೇಡ, ಸಮೀಕರಣವನ್ನೂ ಬರೆದು ಕಳುಹಿಸಿರಿ. ಮೊಮ್ಮಕ್ಕಳ ಸಹಾಯ ಪಡೆಯಲು ಅಡ್ಡಿಯಿಲ್ಲ.