ಪೈಪು ಹೋಯಿತು, ಬೋಜಾ ಉಳಿಯಿತು



ರಸ್ತೆ ಅಗಲವಾಗಬೇಕಾದರೆ ಅದರ ಅಂಚಿನಲ್ಲಿ ಹೂಳಿದ ಹಳೆಯ ಪೈಪುಗಳು ಏಳಲೇಬೇಕು. ಅದಕ್ಕೆ ನಮ್ಮ ತಕರಾರಿಲ್ಲ. ಕಿತ್ತೂರಿನ ಮೇಲೆ ಹಾಯುವ ಪುಣೆ-ಬೆಂಗಳೂರು ಹೆದ್ದಾರಿ ಮೊದಲು ನಾಲ್ಕು ಪಥವಾಯಿತು, ಆಮೇಲೆ ಆರು ಪಥದ ಕೆಲಸ ಬಂತು; 4 ಎಂಬ ನಂಬರು ಹೋಗಿ 48 ಆಯಿತು. ನಮ್ಮ ಕಬ್ಬು, ಕಾಯಿಪಲ್ಲೆ ಸಾಗುವುದೂ ಅದೇ ರಸ್ತೆಯ ಮೇಲೆ. ನಾವು ಕೇಳುವುದು ಇಷ್ಟೇ: ಪೈಪು ಯಾರದು ಎಂದು ನೋಡಿ ನ್ಯಾಯ ಯಾಕೆ ಬದಲಾಗಬೇಕು?

ಊರಿನ ಕುಡಿಯುವ ನೀರಿನ ಪೈಪು ಅಡ್ಡ ಬಂದರೆ ಇಲಾಖೆಯವರೂ ಹೆದ್ದಾರಿಯವರೂ ಕೂಡಿ ಜಾಗ ನೋಡುತ್ತಾರೆ, ಎಸ್ಟಿಮೇಟು ಮಾಡುತ್ತಾರೆ. ಸ್ಥಳಾಂತರದ ಖರ್ಚು ರಸ್ತೆಯ ಖರ್ಚಿನಲ್ಲೇ ಸೇರುತ್ತದೆ. ವಿದ್ಯುತ್ ಕಂಬಕ್ಕೂ ಇದೇ ಪದ್ಧತಿ. ರೈತನ ಪೈಪಿನ ಕಥೆ ಬೇರೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹೊಳೆಸಾಲಿನವರು ಮಲಪ್ರಭೆಗೆ ಮೋಟಾರು ಇಟ್ಟು, ಸಾಲ ತೆಗೆದು ಪೈಪು ಹೂಳಿ, ದೂರದ ಹೊಲಕ್ಕೆ ನೀರು ಒಯ್ಯುತ್ತಾರೆ. ಆ ಪೈಪಿಗೆ ಜೆಸಿಬಿಯ ಹಲ್ಲು ತಾಗಿದರೆ, 'ಬ್ಯಾರೆ ಹಾಕ್ಕೋರಿ' ಎಂಬ ಒಂದು ಮಾತಿಗೆ ಕೆಲಸ ಮುಗಿಯಿತು.

ಬೇರೆ ಹಾಕಿಕೊಳ್ಳುವುದೆಂದರೇನು? ಹಳೆಯ ಸಿಮೆಂಟು ಪೈಪು ಎತ್ತಿದರೆ ಒಡೆಯುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿದ್ದ ಪ್ಲಾಸ್ಟಿಕ್ ಪೈಪು ಇಡಿಯಾಗಿ ಕೈಗೆ ಬರುವುದು ಅಪರೂಪ. ಹೊಸದೇ ತರಬೇಕು. ಹಳೆಯ ಪೈಪಿನ ಸಾಲ ತೀರಿರದಿದ್ದರೆ ಅದರ ಬೋಜಾ ಉತಾರದಲ್ಲಿ ಹಾಗೇ ಕುಳಿತಿರುತ್ತದೆ. ಹೊಸದಕ್ಕೆ ಬ್ಯಾಂಕಿಗೆ ಹೋದರೆ ಅದೇ ಬೋಜಾ ತೋರಿಸಿ ಹಿಂದಕ್ಕೆ ಕಳಿಸುತ್ತಾರೆ. ಆಮೇಲೆ ಉಳಿದದ್ದು ಖಾಸಗಿ ಬಡ್ಡಿಯವನ ಮನೆ. ಇತ್ತ ಬೇಸಿಗೆಯಲ್ಲಿ ನೀರು ತಪ್ಪಿದ ಕಬ್ಬು ಪಂಚನಾಮೆ ಆಗುವತನಕ ಕಾಯುವುದಿಲ್ಲ.

ಮಲಪ್ರಭೆಯ ರೈತನಿಗೆ ಇಂಥ ಲೆಕ್ಕ ಹೊಸದಲ್ಲ. ಕಾಲುವೆ ನೀರು ನೆಟ್ಟಗೆ ಹೊಲ ಮುಟ್ಟುವ ಮೊದಲೇ ನೀರಿನ ಕರ, ಅಭಿವೃದ್ಧಿ ಕರ ಕೊಡಿರೆಂದು ಅಂದು ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿ ರೈತರ ಜೀವ ಹೋಯಿತು. ಬಾರದ ನೀರಿಗೆ ಅಂದು ಕರ. ಇಲ್ಲದ ಪೈಪಿಗೆ ಇಂದು ಕಂತು.

ಆದರೆ ಕಾನೂನು ಪೂರ್ತಿ ಮೂಕವಾಗಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಮು ಓದಿರಿ. ಹೊಲ ಎರಡು ಭಾಗವಾದರೆ ಆಗುವ ಹಾನಿ, ಉಳಿದ ಆಸ್ತಿಗೆ ಮತ್ತು ಗಳಿಕೆಗೆ ತಟ್ಟುವ ಹಾನಿ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅಲ್ಲಿದೆ. 2015ರ ಜನವರಿ 1ರಿಂದ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮ ಹೆದ್ದಾರಿಗೂ ಅನ್ವಯಿಸುತ್ತದೆ. ಅದರಂತೆ ಭೂಮಿಗೆ ಹೊಂದಿಕೊಂಡ ಆಸ್ತಿಗೂ ಬೆಲೆ ಕಟ್ಟಬೇಕು. ಒಟ್ಟು ಪರಿಹಾರದ ಮೇಲೆ ನೂರಕ್ಕೆ ನೂರು ಸಾಂತ್ವನ ಧನ ಸೇರಬೇಕು. ಸ್ವಾಧೀನವಾಗುವ ಹೊಲದಲ್ಲಿನ ಪೈಪು ಪಟ್ಟಿಗೆ ಸೇರಿದರೆ ಅದರ ಬೆಲೆ ಇಮ್ಮಡಿಯಾಗುತ್ತದೆ. ಪಟ್ಟಿಯಿಂದ ಬಿಟ್ಟುಹೋದರೆ ಸೊನ್ನೆ.

ಅದಕ್ಕೇ ಹೇಳುತ್ತೇವೆ, ಅಳತೆಗೆ ಬಂದಾಗ ಹೊಲದಲ್ಲಿ ನಿಲ್ಲಿರಿ. ಸರ್ವೇದವರ ಕಣ್ಣಿಗೆ ಬಾವಿ, ಗಿಡ, ಮನೆ ಬೀಳುತ್ತವೆ. ನೆಲದೊಳಗಿನ ಪೈಪು ಬೀಳುವುದಿಲ್ಲ. ಪೈಪು ಹಾಯ್ದ ಜಾಗ, ಉದ್ದ, ಅಳತೆ ಬರೆಸಿ, ನಕಲು ಕೇಳಿರಿ. ಖರೀದಿ ಪಾವತಿ, ಸಾಲದ ಕಾಗದ ಜೋಪಾನ ಮಾಡಿರಿ. ಪ್ರಕಟಣೆ ಹೊರಟ 21 ದಿವಸದೊಳಗೆ ತಕರಾರು ಬರೆದುಕೊಡಬೇಕು. ನಿಮ್ಮ ಪೈಪು ನೆರೆಯವನ ಹೊಲದಲ್ಲಿ ಹಾಯ್ದಿದ್ದರೆ ನೋಟೀಸು ಅವನ ಹೆಸರಿಗೆ ಬರುತ್ತದೆ, ನಿಮಗೆ ಬರುವುದಿಲ್ಲ. 'ನಂದೂ ಹಕ್ಕೈತಿ' ಎಂದು ನೀವೇ ಅರ್ಜಿ ಹಾಕಿರಿ. ಇನ್ನು ಈಗಿರುವ ರಸ್ತೆಯ ಕೆಳಗೆ ಪೈಪು ದಾಟಿಸುವವರು ಬಾಯಿಮಾತಿನ ಮೇಲೆ ನಂಬಿಕೆ ಇಡಬೇಡಿರಿ. 2002ರ ಕಾಯ್ದೆಯಂತೆ ಹೆದ್ದಾರಿಯ ಜಾಗಕ್ಕೆ ಲಿಖಿತ ಪರವಾನಗಿ ಬೇಕು. ಅದಿಲ್ಲದಿದ್ದರೆ ನಾಳೆ ನಿಮ್ಮ ಪೈಪಿಗೆ ಅನಧಿಕೃತವೆಂಬ ಹೆಸರು ಬೀಳುತ್ತದೆ.

ಸರಕಾರಕ್ಕೆ ನಮ್ಮ ಬೇಡಿಕೆ ಮೂರು. ಹೊಸ ಪೈಪಿನಲ್ಲಿ ನೀರು ಹರಿದ ಮೇಲೆಯೇ ಹಳೆಯದನ್ನು ಕೀಳಬೇಕು. ರಸ್ತೆ ಕಟ್ಟುವಾಗಲೇ ರೈತರ ಪೈಪು ದಾಟುವಲ್ಲೆಲ್ಲ ಅಡ್ಡಲಾಗಿ ದೊಡ್ಡ ಹ್ಯೂಮ್ ಪೈಪು ಹೂಳಬೇಕು. ಮುಂದೆ ಯಾರೂ ಡಾಂಬರು ಅಗೆಯುವ ಪ್ರಸಂಗ ಬರಬಾರದು. ರಸ್ತೆಗಾಗಿ ಹೋದ ಪೈಪಿನ ಸಾಲದ ಕಂತನ್ನು, ಪರಿಹಾರ ರೈತನ ಕೈ ಸೇರುವತನಕ, ಬಡ್ಡಿಯಿಲ್ಲದೆ ನಿಲ್ಲಿಸಬೇಕು.

ಕೋಟಿಗಟ್ಟಲೆ ಸುರಿದು ಕಟ್ಟುವ ರಸ್ತೆಗೆ ಇದು ಭಾರವಲ್ಲ. ಎಕರೆ ಕಬ್ಬು ಒಣಗಿದ ಮನೆಗೆ ಮಾತ್ರ ಇದು ಆ ವರ್ಷದ ಅನ್ನದ ಪ್ರಶ್ನೆ.