ನೆಗಡಿ ಹೋಯಿತು, ಗಂಟಲುನೋವು ಉಳಿಯಿತು



ಗಂಟಲಿನ ಬೆಲೆಯನ್ನು ನಮ್ಮ ಧಾರವಾಡ ಸೀಮೆಗೆ ಬೇರೆ ಹೇಳಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಟಾನ್ಸಿಲ್ ಚಿಕಿತ್ಸೆಯ ತರುವಾಯ ಅವರ ತೆಳುದನಿ ಗಡುಸಾಯಿತು. ಆ ದನಿಯನ್ನೇ ಅವರು ಸಾಧನೆಯಿಂದ ನಾಡಿನ ಸಂಪತ್ತಾಗಿಸಿದರು. ಗಂಟಲಿನ ಬಾಧೆಯು ಬಾಳಿನುದ್ದಕ್ಕೂ ಗುರುತು ಉಳಿಸಬಲ್ಲದೆಂಬುದು ಮಾತ್ರ ಇದರಿಂದ ವಿದಿತವಾಗುತ್ತದೆ.

ನೆಗಡಿಯು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಇಳಿಯುತ್ತದೆ. ಆದರೂ ಗಂಟಲಿನ ಒಳಪೊರೆಯ ಬಾವು ಕೂಡಲೇ ಆರದು. ಮೂಗಿನ ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿಯುವುದು, ರಾತ್ರಿ ಬಾಯಿಂದ ಉಸಿರಾಡುವುದು, ಬಿಡದ ಕೆಮ್ಮು, ಇವೆಲ್ಲ ಅದನ್ನು ಮತ್ತೆ ಮತ್ತೆ ಕೆರಳಿಸುತ್ತವೆ. ನವಲಗುಂದ, ಅಣ್ಣಿಗೇರಿಯ ಎರೆಸೀಮೆಯಲ್ಲಿ ಜೋಳ, ಕಡಲೆ ಒಕ್ಕುವ ಕಾಲದ ಧೂಳು, ಒಲೆಯ ಹೊಗೆ ಸೇರಿದರಂತೂ ಹೇಳತಕ್ಕದ್ದೇ ಇಲ್ಲ.

ಇದಕ್ಕೆ ಮೊದಲ ಮದ್ದು ಮೌನ. ಪಿಸುಮಾತೂ ಗಂಟಲನ್ನು ದಣಿಸುತ್ತದೆ. ಭಜನೆಯ ಸರದಿಯನ್ನು ನಾಲ್ಕು ದಿನ ಬೇರೆಯವರಿಗೆ ಒಪ್ಪಿಸಿರಿ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿರಿ. ಬೆಚ್ಚನೆಯ ಅಂಬಲಿ, ಅಲ್ಲ ಬೆಲ್ಲದ ಕಷಾಯ ಹಿತಕರ. ಜೇನುತುಪ್ಪವೂ ಕೆಮ್ಮನ್ನು ಶಮನಗೊಳಿಸುತ್ತದೆ; ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಅದನ್ನು ಸರ್ವಥಾ ನೆಕ್ಕಿಸಬಾರದು. ಬೀಡಿ, ತಂಬಾಕುಗಳನ್ನು ದೂರವಿಡಿರಿ. ಅಂಗಡಿಯಲ್ಲಿ ಕೇಳಿ ತಂದ ಎರಡು ಆಂಟಿಬಯಾಟಿಕ್ ಗುಳಿಗೆಗಳಿಂದ ನೆಗಡಿಯ ವೈರಾಣು ಸಾಯುವುದಿಲ್ಲ.

ಆದರೆ ತಾಳ್ಮೆಗೂ ಒಂದು ಮಿತಿಯುಂಟು. 5ರಿಂದ 15 ವರ್ಷದ ಮಗುವಿಗೆ ನೆಗಡಿ, ಕೆಮ್ಮು ಇಲ್ಲದೆ ಜ್ವರ ಬಂದು, ಗಂಟಲು ನೋಯುತ್ತ, ಕೊರಳಲ್ಲಿ ಗಡ್ಡೆ ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಸೋಂಕಾಗಿರಬಹುದು. ಅದನ್ನು ಅಲಕ್ಷಿಸಿದರೆ ಮುಂದೆ ಕೀಲುವಾತದ ಜ್ವರ ಬಂದು ಹೃದಯದ ಕವಾಟಗಳೇ ಕೆಡಬಹುದು. ಇಂಥಲ್ಲಿ ವೈದ್ಯರು ಕೊಟ್ಟ ಔಷಧವನ್ನು, ನೋವು ಇಳಿದರೂ ನಡುವೆ ಬಿಡದೆ, ಹೇಳಿದಷ್ಟು ದಿನವೂ ಪೂರೈಸತಕ್ಕದ್ದು. ಗಂಟಲಲ್ಲಿ ಬೂದು ಪೊರೆ ಕಟ್ಟಿದರೆ ಅದು ಗಂಟಲಮಾರಿಯ ಲಕ್ಷಣ. ಒಂದು ಗಳಿಗೆಯೂ ತಡಮಾಡಬಾರದು. ಉಸಿರಾಡಲು ಕಷ್ಟವಾದರೆ, ಉಗುಳನ್ನೂ ನುಂಗಲಾಗದಿದ್ದರೆ ಆಗಲೂ ಹಾಗೆಯೇ. ಮಕ್ಕಳ ಚುಚ್ಚುಮದ್ದು ತಪ್ಪದಿರಲಿ.

ಕೆಮ್ಮು ಎರಡು ವಾರ ಮೀರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿರಿ. ದನಿ ಮೂರು ವಾರವಾದರೂ ತಿಳಿಯಾಗದಿದ್ದರೆ, ವಿಶೇಷವಾಗಿ ತಂಬಾಕು ಬಳಸುವ ಹಿರಿಯರು, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಗಂಟಲು ತಜ್ಞರಿಗೆ ತೋರಿಸಬೇಕು. ಗಂಟಲಿನ ಅರ್ಬುದ ಮೊದಲ ಹಂತದಲ್ಲೇ ತಿಳಿದರೆ ಗುಣವಾಗುವ ಸಂಭವ ಹೆಚ್ಚು. ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ದಿನ ದೂಡುವ ಹಿರಿಯರು ನಮ್ಮ ಊರುಗಳಲ್ಲಿ ಬಹಳ. ಅಂಥವರನ್ನು ಮನೆಯ ಮಕ್ಕಳೇ ಕೈಹಿಡಿದು ಕರೆದೊಯ್ಯಬೇಕೆಂದು ನಾವು ಆಗ್ರಹಪೂರ್ವಕ ಹೇಳುತ್ತೇವೆ.

ಎಲ್ಲರಿಗೂ ಆರೋಗ್ಯಭಾಗ್ಯ ಲಭಿಸಲಿ.